52 ಡಿಗ್ರಿ ಸ್ನಾನ, ಮೂರೂವರೆ ರೂಪಾಯಿ ಕಾಯಿ

ಮಾವಿನಕಾಯಿಗೆ ಸ್ನಾನ ಮಾಡಿಸುವುದು ಹೇಗೆ ಅಂತ ನನಗೀಗ ಚೆನ್ನಾಗಿ ಗೊತ್ತು. ನೀರು 52 ಡಿಗ್ರಿ ಬಿಸಿ ಇರಬೇಕು. ಐದರಿಂದ ಹತ್ತು ನಿಮಿಷ ಮುಳುಗಿಸಬೇಕು. ಹಾಗೆ ಮಾಡಿದರೆ ಹಣ್ಣಾಗುವಾಗ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬೀಳುವ ರೋಗ ಕಡಿಮೆ. ವಿಮಾನ ಹತ್ತುವ ಕಾಯಿಗಾದರೆ 48 ಡಿಗ್ರಿ, ಪೂರ್ತಿ ಒಂದು ಗಂಟೆ. ಒಳಗೆ ಹಣ್ಣುನೊಣದ ಮೊಟ್ಟೆ ಇದ್ದರೆ ಅಲ್ಲೇ ಸಾಯಲಿ ಅಂತ. ನಮ್ಮ ಮನೆಯ ಗೀಸರ್ ಕೆಟ್ಟು ಹದಿನೈದು ದಿನವಾಯಿತು. ನನ್ನ ವಿಷಯದಲ್ಲಿ ಯಾರೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ.

ಇದನ್ನೆಲ್ಲ ಕಲಿತದ್ದು 2025ರ ಮಾವಿನ ಕಾಲದಲ್ಲಿ, ಶ್ರೀನಿವಾಸಪುರದ ಕಡೆ ನಡೆದ ಒಂದು ತರಬೇತಿಯಲ್ಲಿ. ಸೋದರಮಾವ ಕರೆದುಕೊಂಡು ಹೋಗಿದ್ದರು. "ಊಟ ಚೆನ್ನಾಗಿರುತ್ತೆ, ಬಾರೋ" ಅನ್ನುವುದೇ ಆಹ್ವಾನ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್: 'ಮಾವಿನ ಕೊಯ್ಲೋತ್ತರ ನಿರ್ವಹಣೆ'. ಮಾವ ಎರಡು ಸಲ ಓದಿದರು. "ಕೊಯ್ಲು ಗೊತ್ತು. ಉತ್ತರಾನೂ ಗೊತ್ತು. ಪ್ರಶ್ನೆ ಕೇಳಿದ್ದು ಯಾರಂತೆ?" ಅಂದರು.

ಭಾಷಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬೆಳಿಗ್ಗೆ ತಂಪಿನಲ್ಲೇ ಕೀಳಿ. ಕೋಲಲ್ಲಿ ಬಡಿದು ಉದುರಿಸಬೇಡಿ. ಕಾಯಿ ಜೊತೆ ತೊಟ್ಟು ಸ್ವಲ್ಪ ಬಿಡಿ. ಆಮೇಲೆ ತೊಟ್ಟು ಮುರಿದು, ಕಾಯಿ ತಲೆಕೆಳಗಾಗಿಟ್ಟು ಸೊನೆ ಇಳಿಸಿ. ಸೊನೆ ತಾಗಿದರೆ ಸಿಪ್ಪೆ ಸುಡುತ್ತೆ. ತೊಳೆಯಿರಿ, ಬಿಸಿನೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಗಾತ್ರ ನೋಡಿ ವಿಂಗಡಿಸಿ, ತೂತಿರುವ ರಟ್ಟಿನ ಡಬ್ಬಿಯಲ್ಲಿ ಜೋಡಿಸಿ, 13 ಡಿಗ್ರಿ ತಂಪಲ್ಲಿಡಿ. ನಮ್ಮಲ್ಲಿ ಎಷ್ಟೋ ಬಾಣಂತಿಯರಿಗೆ ಇಷ್ಟು ಆರೈಕೆ ಸಿಗುವುದಿಲ್ಲ. ಹೇಳಿದ ಒಂದೊಂದು ಮಾತೂ ಸರಿ. ಅದೇ ತಮಾಷೆ.

ಮಾವ ಎದ್ದು ನಿಂತರು. "ಸಾರ್, ಮಂಡೀಲಿ ಗಿಣಿಮೂತಿಗೆ ಕಿಲೋ ಮೂರೂವರೆ ಹೇಳ್ತಾವ್ರೆ. ಕೀಳೋ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಕಮಿಷನ್ ಕಳೆದ್ರೆ ನಾನೇ ಕೈಯಿಂದ ಕೊಡಬೇಕು. ನೀರು ಕಾಯಿಸೋಕೆ ಸೌದೆ ಯಾರು ಕೊಡ್ತಾರೆ?"

"ಬೆಲೆ ನಮ್ಮ ವಿಷಯಕ್ಕೆ ಬರಲ್ಲ ಯಜಮಾನ್ರೇ. ಪ್ರಶ್ನೋತ್ತರ ಊಟ ಆದ ಮೇಲೆ."

ಊಟದ ಜೊತೆ ಎಲ್ಲರಿಗೂ ಒಂದೊಂದು ಪೊಟ್ಟಣ ಮಾವಿನ ಪಾನೀಯ ಕೊಟ್ಟರು. ಕಿಟಕಿಯ ಆಚೆ ಮಾವಿನ ತೋಪು. ಇಂಥ ಪಾನೀಯದಲ್ಲಿ ನಿಯಮದ ಪ್ರಕಾರ ಹಣ್ಣಿನ ರಸ ಶೇ. 10 ಇದ್ದರೆ ಸಾಕು. ಉಳಿದದ್ದು ನೀರು, ಸಕ್ಕರೆ, ಜಾಹೀರಾತು. ನಾವು ಸ್ಟ್ರಾ ಬಾಯಿಗಿಟ್ಟುಕೊಂಡು ಹೊರಗೆ ಬಂದಾಗ ಭಾಷಣಕಾರರ ಜೀಪು ಹೊರಟುಹೋಗಿತ್ತು.

ಆ ವರ್ಷದ ಕಥೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ, ಅಂದರೆ ನಮ್ಮ ಗಿಣಿಮೂತಿ, ಬರಬಾರದು ಅಂತ ಗಡಿ ಮುಚ್ಚಿತು. ತಿರುಳು ತೆಗೆಯುವ ಫ್ಯಾಕ್ಟರಿಗಳು ಆ ಕಡೆ, ಕಾಯಿ ಈ ಕಡೆ. ಚೆಕ್‌ಪೋಸ್ಟಿನಲ್ಲಿ ನಿಂತವರು ಯಾರು ಅಂತೀರಿ? ಪೊಲೀಸರು, ಕಂದಾಯದವರು, ಮಾರ್ಕೆಟಿಂಗ್‌ನವರು. ಜೊತೆಗೆ ಅರಣ್ಯ ಇಲಾಖೆ! ಕಾಯಿ ಹಿಂಡು ಕಟ್ಟಿಕೊಂಡು ರಾತ್ರಿ ಗಡಿ ದಾಟಿ ರಾಗಿ ಹೊಲ ತುಳಿದೀತು ಅಂದುಕೊಂಡರೋ ಏನೋ. ಪಟಾಕಿ ಹೊಡೆದು ಓಡಿಸಿದರಾ ಅಂತ ಮಾತ್ರ ತಿಳಿಯಲಿಲ್ಲ. ನಮ್ಮ ಮುಖ್ಯಮಂತ್ರಿ ಅವರ ಮುಖ್ಯಮಂತ್ರಿಗೆ ಪತ್ರ ಬರೆದರು. ಪತ್ರಕ್ಕೆ ಅವಸರವಿಲ್ಲ. ಕಿತ್ತ ಕಾಯಿಗೆ ಇದೆ.

ತಿಂಗಳ ಕೊನೆಗೆ ಕೇಂದ್ರ ಕೃಪೆ ತೋರಿತು. ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕ, ಎರಡೂವರೆ ಲಕ್ಷ ಟನ್‌ವರೆಗೆ. ಕೊಳ್ಳುವುದಿಲ್ಲ, ಕಡಿಮೆ ಬಿದ್ದದ್ದರಲ್ಲಿ ಒಂದು ಪಾಲು ತುಂಬಿಕೊಡುತ್ತೇವೆ ಅಂದರು. ಅಂದರೆ ಮೊದಲು ಮಾರಬೇಕು. ಬೆಲೆ ಸಿಗದೆ ರಸ್ತೆಗೆ ಸುರಿದ ಕಾಯಿಗೆ ರಸೀದಿ ಎಲ್ಲಿಂದ ಬರಬೇಕು?

ಬಿಡಿ, ಬಾದಾಮಿ ಮಾವಿನ ವಿಷಯ ಹೇಳುತ್ತೇನೆ. ಧಾರವಾಡದವರು ಆಪೂಸ್ ಅನ್ನುತ್ತಾರೆ. ಹೊರಗೆ ಚಿನ್ನ, ಮೂಗಿಗೆ ಹಬ್ಬ, ಕೊಯ್ದರೆ ಓಟೆಯ ಸುತ್ತ ಬಿಳಿಚಿಕೊಂಡ, ಹುಳಿ ಹುಳಿಯಾದ ಸ್ಪಂಜು. ಕಾಸು ಕೊಟ್ಟವನ ಮುಖ ನೋಡಬೇಕು. ಇಲ್ಲಿ ರಾಜಕಾರಣಿಗಳ ಹೋಲಿಕೆ ಬರುತ್ತೆ ಅಂತ ಕಾಯುತ್ತಿದ್ದೀರಿ ಅಲ್ವಾ? ಬರಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದರ ಬೆನ್ನು ಹತ್ತಿ ಹೋದರು. ಓಟೆಯೊಳಗಿನ ಬೀಜ ಹಣ್ಣು ಮರದಲ್ಲಿರುವಾಗಲೇ ಮೊಳೆಯಲು ಹೊರಡುತ್ತದಂತೆ, ಸುತ್ತಲಿನ ತಿರುಳು ಅದರಿಂದಲೇ ಕೆಡುತ್ತದಂತೆ. ಅಪ್ಪ ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಮಗ ಪಾಲು ಕೇಳಿದ ಹಾಗೆ. ಪೂರ್ತಿ ಬಲಿಯುವ ಮುಂಚೆಯೇ, ಮುಕ್ಕಾಲು ಬಲಿತಾಗ ಕಿತ್ತರೆ ಈ ಕಾಟ ಕಡಿಮೆ. ಬಾದಾಮಿಗೂ ಬಂಗನಪಲ್ಲಿಗೂ ಸಂಬಂಧ ಬೆಳೆಸಿ 'ಅರ್ಕಾ ಪುನೀತ್' ಅಂತ ತಳಿಯನ್ನೂ ಮಾಡಿದ್ದಾರೆ. ಅದಕ್ಕೆ ಸ್ಪಂಜಿನ ಕಾಯಿಲೆ ಇಲ್ಲ. ನಿಮ್ಮ ಬೀದಿಯ ಹಣ್ಣಿನಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಅಂಗಡಿಯವನು ಫಿಲ್ಮ್ ಟಿಕೆಟ್ ಇಲ್ಲಿ ಸಿಗಲ್ಲ ಅಂದಾನು.

ಇನ್ನು ಪ್ರತಿ ಮೇ ತಿಂಗಳ ಕಾರ್ಬೈಡ್ ಪತ್ತೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಅದರಲ್ಲಿ ಆರ್ಸೆನಿಕ್, ಫಾಸ್ಫರಸ್ ಅಂಶ ಬೆರೆತಿರಬಹುದು. ಎಥಿಲೀನ್ ಅನಿಲ ಬಳಸಬಹುದು, 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲು. ಆದರೂ ಅಧಿಕಾರಿಗಳು ವರ್ಷಕ್ಕೊಮ್ಮೆ ಗೋದಾಮಿನ ಬಾಗಿಲು ತೆಗೆದು, ಮೊದಲ ಸಲ ಕಂಡವರ ಹಾಗೆ ಬೆಚ್ಚಿಬೀಳುತ್ತಾರೆ. ಕ್ಯಾಮೆರಾ ಇದ್ದರೆ ಜಾಸ್ತಿ ಬೆಚ್ಚುತ್ತಾರೆ. ನಾವೂ ಕಡಿಮೆಯಿಲ್ಲ. ಯುಗಾದಿಗೇ ಹಳದಿ ಹಣ್ಣು ಬೇಕು ಅಂತ ಹಟ ಹಿಡಿಯುವವರು ನಾವೇ. ಅಜ್ಜಿ ಹುಲ್ಲಿನಲ್ಲಿ ಅಡೆ ಹಾಕಿ, ದಿನಾ ಕೈಯಾಡಿಸಿ, ಮೂಗಿಗೆ ಹಿಡಿದು ನೋಡುತ್ತಿದ್ದರು. ಅವರಿಗೆ ಪಿಪಿಎಂ ಗೊತ್ತಿರಲಿಲ್ಲ.

ಕೋಲ್ಡ್ ಸ್ಟೋರೇಜ್ ಇಲ್ಲವೇ ಅಂತೀರಾ? ಇದೆಯಲ್ಲ, ಬ್ಯಾಡಗಿಗೆ ಹೋಗಿ. ಅಲ್ಲಿ ಒಣಮೆಣಸಿನಕಾಯಿ ತಂಪಾಗಿ ಮಲಗಿದೆ. ಬಣ್ಣ ಮಾಸದಿರಲಿ ಅಂತ. ತಪ್ಪೇನಿಲ್ಲ, ಬೆಲೆ ಇರುವ ಮಾಲಿಗೆ ಬಾಡಿಗೆ ಹುಟ್ಟುತ್ತದೆ. ಮೂರೂವರೆ ರೂಪಾಯಿ ಕಾಯಿಯನ್ನು ಎ.ಸಿ. ಕೋಣೆಯಲ್ಲಿಟ್ಟರೆ ಎರಡು ಮೂರು ವಾರ ಆದ ಮೇಲೆ ಅದು ಬಾಡಿಗೆ ಬಾಕಿ ಇರುವ ಮೂರೂವರೆ ರೂಪಾಯಿ ಕಾಯಿ, ಅಷ್ಟೇ.

ಲೂಧಿಯಾನದ ಕೇಂದ್ರ ಸಂಸ್ಥೆಯೊಂದು ಕೊಯ್ಲಾದ ಮೇಲೆ ಏನೇನು ಹಾಳಾಗುತ್ತದೆ ಅಂತ ದೇಶವೆಲ್ಲ ಸುತ್ತಿ 2015ರಲ್ಲಿ ವರದಿ ಕೊಟ್ಟಿತು. ಸೀಬೆ ಶೇ. 15.88. ಮಾವು ಶೇ. 9.16. ದಶಾಂಶದವರೆಗೆ ಲೆಕ್ಕ, ಭೇಷ್. ಅದನ್ನು ನೋಡಿದ ಮೇಲೆ ನನಗೆ ಮಾವನ ಸಾಧನೆ ಅರ್ಥವಾಯಿತು. ಎರಡು ಲೋಡು ಮಂಡಿಗೆ ಹಾಕಿ ಕೈ ಸುಟ್ಟುಕೊಂಡ ಮೇಲೆ ಅವರು ಉಳಿದ ಕಾಯಿ ಕೀಳಲೇ ಇಲ್ಲ. ಮರದಲ್ಲೇ ಬಿಟ್ಟರು. ಕೊಯ್ಲೇ ಆಗದ ಮೇಲೆ ಕೊಯ್ಲೋತ್ತರ ನಷ್ಟ ಎಲ್ಲಿ ಬಂತು? ಸೊನ್ನೆ! ಸೊನೆಯ ಕಲೆ ಇಲ್ಲ, ಸಾಗಣೆಯಲ್ಲಿ ಜಜ್ಜಿದ್ದಿಲ್ಲ. ಇಡೀ ತಾಲ್ಲೂಕಿಗೆ ಮಾದರಿ ರೈತ. ಶಾಲು ಹೊದಿಸಬೇಕಿತ್ತು.

ಹೊದಿಸಲಿಲ್ಲ. ಕಾಯಿ ತಾನಾಗಿ ಹಣ್ಣಾಗಿ ಉದುರಿತು. ತೋಪಿನ ತುಂಬ ಹುಳಿ ವಾಸನೆ, ನೊಣ. ಹಸುಗಳು ಎರಡು ದಿನ ತಿಂದವು. ಮೂರನೇ ದಿನ ಅವೂ ಮುಖ ತಿರುಗಿಸಿದವು. ಒಂದು ವರ್ಷ ಗೊಬ್ಬರ ಹಾಕಿ, ಔಷಧಿ ಹೊಡೆದು, ಹೂ ಉದುರದಿರಲಿ ಅಂತ ದೇವರಿಗೆ ಹರಕೆ ಹೊತ್ತ ಮನುಷ್ಯ. ಅವರ ಕೈಗೆ ಒಂದು ಪೊಟ್ಟಣ ಪಾನೀಯ ಕೊಟ್ಟು, ನೀರು ಎಷ್ಟು ಡಿಗ್ರಿ ಇರಬೇಕು ಅಂತ ಪಾಠ ಮಾಡಿದೆವಲ್ಲ. ನಾಚಿಕೆಯಾಗಬೇಕು. ನನಗೂ ಸೇರಿಸಿ. ನಾನೂ ಆ ಊಟ ಉಂಡವನೇ.

ಮೊನ್ನೆ ಮಾವ ಫೋನ್ ಮಾಡಿದ್ದರು. ಮನೆ ಹಿಂದಿನ ಬಾದಾಮಿ ಮರದ ಕಾಯಿ ಒಂದು ಬುಟ್ಟಿ ಬಸ್ಸಿಗೆ ಹಾಕಿದ್ದಾರೆ, ಹುಲ್ಲು ಸುತ್ತಿ. "ನೋಡು, ಫ್ರಿಜ್ಜಲ್ಲಿ ತುರುಕಬೇಡ" ಅಂದರು. "ಹದಿಮೂರು ಡಿಗ್ರಿಗಿಂತ ಕೆಳಗೆ ಹೋದ್ರೆ ಸಿಪ್ಪೆ ಕಪ್ಪಾಗಿ ರುಚಿ ಕೆಡುತ್ತೆ. ಆವತ್ತು ಹೇಳಿದ್ರಲ್ಲ, ನೀನು ನಿದ್ದೆ ಮಾಡ್ತಿದ್ದೆ."