ನೊಬೆಲ್ ಬಂದದ್ದು ಕಷಾಯಕ್ಕಲ್ಲ: ಮಲೇರಿಯಾ ಸಂದೇಶದ ಬಗ್ಗೆ ಸ್ಪಷ್ಟನೆ

‘ಚೀನಾದ ಪುರಾತನ ಕಷಾಯಕ್ಕೆ 2015ರ ನೊಬೆಲ್ ಬಂದಿದೆ, ಮಾಚಿಪತ್ರೆ ಕುದಿಸಿ ಕುಡಿದರೆ ಮಲೇರಿಯಾ ಹೋಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದನ್ನು ನಂಬಿ ಚಿಕಿತ್ಸೆ ತಡಮಾಡಿದರೆ ಜೀವಕ್ಕೇ ಅಪಾಯ.

ನಾಲ್ಕನೇ ಶತಮಾನದ ಚೀನೀ ವೈದ್ಯ ಗೆ ಹಾಂಗ್ ಬರೆದಿಟ್ಟ ವಿಧಾನದಲ್ಲಿ ಕುದಿಸುವ ಮಾತೇ ಇಲ್ಲ. ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ಎರಡು ಶೆಂಗ್ (ಸುಮಾರು 400 ಮಿಲಿ) ನೀರಲ್ಲಿ ನೆನೆಸಿ, ಹಿಂಡಿ, ರಸವನ್ನೆಲ್ಲ ಕುಡಿಯಬೇಕು, ಅಷ್ಟೇ. ಬಿಸಿ ಮಾಡಿ ತೆಗೆದ ಸಾರ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತಿದ್ದಾಗ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ, ಬಿಸಿಯೇ ಔಷಧಾಂಶವನ್ನು ಕೆಡಿಸುತ್ತಿರಬಹುದು ಎಂದು ಹೊಳೆದದ್ದು ಈ ಸಾಲಿನಿಂದಲೇ. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರಾವಕದಿಂದ ಎಲೆಯ ಸಾರ ತೆಗೆದು, ಅದರ ಆಮ್ಲೀಯ ಭಾಗವನ್ನು ಕ್ಷಾರದಿಂದ ಬೇರ್ಪಡಿಸಿದರು. ಉಳಿದ ತಟಸ್ಥ ಭಾಗ, ಅಂದರೆ 191ನೇ ಮಾದರಿ, 1971ರ ಅಕ್ಟೋಬರ್‌ನಲ್ಲಿ ಇಲಿಗಳ ಮಲೇರಿಯಾವನ್ನು ಪೂರ್ತಿ ತಡೆಯಿತು. ಅದರಿಂದ ಸಿಕ್ಕಿದ್ದೇ ಆರ್ಟೆಮಿಸಿನಿನ್. ನೊಬೆಲ್ ಸಂದದ್ದು ಈ ಶೋಧಕ್ಕೆ.

ಈ ಔಷಧಾಂಶ ನೀರಲ್ಲಿ ಸರಿಯಾಗಿ ಕರಗದು. ಗಿಡದಿಂದ ಗಿಡಕ್ಕೆ ಅದರ ಪ್ರಮಾಣವೂ ಬದಲಾಗುತ್ತದೆ. ದೇಹದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ, ಜ್ವರ ಇಳಿದರೂ ಪರಾವಲಂಬಿ ಉಳಿದು ರೋಗ ಮರುಕಳಿಸುತ್ತದೆ. ಕಡಿಮೆ ಪ್ರಮಾಣ ಔಷಧ ನಿರೋಧಕತೆಗೂ ದಾರಿ. ಆದ್ದರಿಂದಲೇ ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಬಗೆಯ ಔಷಧದ ಜೊತೆ ದೀರ್ಘಕಾಲ ಉಳಿಯುವ ಇನ್ನೊಂದು ಔಷಧ ಸೇರಿಸಿ ಮೂರು ದಿನದ ಮಾತ್ರೆ ಕೊಡುತ್ತಾರೆ. ಈ ಸೊಪ್ಪಿನ ಚಹಾ, ಪುಡಿಗಳನ್ನು ಚಿಕಿತ್ಸೆಗಾಗಲಿ ತಡೆಗಾಗಲಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇನ್ನು ಮಾಚಿಪತ್ರೆ, ದವನ. ಇವು ಅದೇ ಕುಲದವಾದರೂ ಬೇರೆ ಪ್ರಭೇದಗಳು; ತು ಬಳಸಿದ ಚಿಂಗ್‌ಹಾವ್ ಎಂದರೆ ಆರ್ಟೆಮಿಸಿಯಾ ಆನ್ಯುವಾ. ಚಳಿಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.