ಕೊನೆಯ ಕುರ್ಚಿಯ ಟ್ರಾಂಬೋನ್

ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಹಾಡಿರುವ ‘ಐ ಹ್ಯಾವ್ ಗಾಟ್ ಯು ಅಂಡರ್ ಮೈ ಸ್ಕಿನ್’ ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. 1956ರ ರೆಕಾರ್ಡಿಂಗ್ ಅದು. ಅರ್ಧ ಹಾಡು ಆದಮೇಲೆ ಸಿನಾಟ್ರಾ ಸುಮ್ಮನಾಗುತ್ತಾರೆ. ವಾದ್ಯಗಳು ಮೆಲ್ಲಗೆ ಶುರುವಾಗಿ, ಏರುತ್ತಾ ಏರುತ್ತಾ ಹೋಗಿ, ಕೊನೆಗೆ ಒಂದು ಟ್ರಾಂಬೋನ್ ಸೋಲೋ ಸಿಡಿಯುತ್ತದೆ. ಎಷ್ಟು ಸಲ ಕೇಳಿದರೂ ಮೈ ಜುಮ್ ಅನ್ನುತ್ತದೆ. ಆ ಸೋಲೋ ನುಡಿಸಿದವರು ಮಿಲ್ಟ್ ಬರ್ನ್‌ಹಾರ್ಟ್. ಆ ದಿನ 20ಕ್ಕೂ ಹೆಚ್ಚು ಟೇಕ್ ಆದವು. ಮೈಕ್ ಎತ್ತರದಲ್ಲಿತ್ತು ಅಂತ ಸಿನಾಟ್ರಾ ತಾವೇ ಹೋಗಿ ಒಂದು ಪೆಟ್ಟಿಗೆ ತಂದು ಬರ್ನ್‌ಹಾರ್ಟ್ ಅವರನ್ನು ಅದರ ಮೇಲೆ ನಿಲ್ಲಿಸಿದರಂತೆ. ಈ ಕಥೆ ಎಲ್ಲ ಕಡೆ ಸಿಗುತ್ತದೆ.

ಆದರೆ ಆ ಸೋಲೋಗೆ ಮೊದಲಿನ ಏರಿಕೆ ಇದೆಯಲ್ಲ, ಅದರ ಬುಡದಲ್ಲಿ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ತೀರಾ ಕೆಳಗಿನ ದನಿ. ಅದನ್ನು ನುಡಿಸಿದವರು ಜಾರ್ಜ್ ರಾಬರ್ಟ್ಸ್. ವಾದ್ಯ ಬಾಸ್ ಟ್ರಾಂಬೋನ್. ಇವತ್ತು ಅವರ ಬಗ್ಗೆ, ಅವರಂಥ ಇನ್ನೂ ಕೆಲವರ ಬಗ್ಗೆ ಬರೆಯಬೇಕು ಅನ್ನಿಸಿದೆ. ಸ್ವಲ್ಪ ಉದ್ದವಾಗಬಹುದು, ಪುರುಸೊತ್ತು ಇದ್ದಾಗ ಓದಿ.

ಟ್ರಾಂಬೋನ್ ನಮ್ಮವರಿಗೂ ಗೊತ್ತಿರುವ ವಾದ್ಯವೇ. ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನಲ್ಲಿ ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತಾ ಊದುತ್ತಾರಲ್ಲ, ಅದು. ಬಾಸ್ ಟ್ರಾಂಬೋನ್ ಅದರ ಅಣ್ಣ. ಕೊಳವೆ ಇನ್ನೂ ಅಗಲ, ಬಾಯಿ ಇನ್ನೂ ದೊಡ್ಡದು, ಎಡಗೈ ಹೆಬ್ಬೆರಳಿಗೆ ಒಂದು ಟ್ರಿಗರ್, ಅಂದರೆ ಒತ್ತಿದರೆ ಹೆಚ್ಚುವರಿ ಕೊಳವೆ ಸೇರಿಸುವ ಲಿವರ್. ಅಮೆರಿಕದ ಬಿಗ್ ಬ್ಯಾಂಡ್‌ಗಳಲ್ಲಿ, ಅಂದರೆ ಜಾಝ್ ನುಡಿಸುವ ದೊಡ್ಡ ವಾದ್ಯವೃಂದಗಳಲ್ಲಿ, ಸಾಮಾನ್ಯವಾಗಿ ಮೂರು ಟ್ರಾಂಬೋನ್ ಪಕ್ಕದಲ್ಲಿ ನಾಲ್ಕನೆಯದಾಗಿ ಇದು ಕೂರುತ್ತದೆ. ಸಾಲಿನ ಕೊನೆಯ ಕುರ್ಚಿ. ಸೋಲೋ ಸಿಗುವುದು ಅಪರೂಪ. 1950ರ ದಶಕದ ಎಲ್‌ಪಿ ಕವರ್‌ಗಳ ಮೇಲೆ ಗಾಯಕನ ಹೆಸರು, ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆದುಕೊಡುವ ಅರೇಂಜರ್ ಹೆಸರು ಇರುತ್ತಿತ್ತು. ಸ್ಟುಡಿಯೋಗೆ ಬಂದು ನುಡಿಸಿ ಹೋದವರ ಹೆಸರು ಹೆಚ್ಚಾಗಿ ಇರುತ್ತಲೇ ಇರಲಿಲ್ಲ. ಎಲೆಮರೆಯ ಕಾಯಿ ಅಂದರೆ ಇವರೇ.

ನನ್ನ ಅಭಿಪ್ರಾಯ ಇಷ್ಟು. ಬಾಸ್ ಟ್ರಾಂಬೋನ್ ಹಾಡುವ ವಾದ್ಯ. ಅದನ್ನು ಗುಡುಗುವುದಕ್ಕೆ ಮಾತ್ರ ಇಟ್ಟುಕೊಂಡರೆ ಅದಕ್ಕೆ ಮೋಸ ಮಾಡಿದ ಹಾಗೆ. ಇದನ್ನು ಮಾಡಿ ತೋರಿಸಿದವರು ರಾಬರ್ಟ್ಸ್. ಅದೂ ಇವತ್ತಿನ ಲೆಕ್ಕದಲ್ಲಿ ತೀರಾ ಸರಳವಾದ ವಾದ್ಯ ಹಿಡಿದುಕೊಂಡು.

ಅವರು ಹುಟ್ಟಿದ್ದು 1928ರಲ್ಲಿ, ಅಯೋವಾ ರಾಜ್ಯದ ಡಿ ಮೊಯ್ನ್‌ನಲ್ಲಿ. ಡ್ರಮ್ಮರ್ ಜೀನ್ ಕ್ರೂಪಾ ಅವರ ಬ್ಯಾಂಡಿನಲ್ಲಿದ್ದಾಗ ಪಕ್ಕದಲ್ಲೇ ಟ್ರಾಂಬೋನ್ ವಾದಕ ಅರ್ಬಿ ಗ್ರೀನ್ ಕೂರುತ್ತಿದ್ದರು. ಗ್ರೀನ್ ನಿಧಾನದ ಹಾಡು ನುಡಿಸಿದರೆ ಟ್ರಾಂಬೋನ್ ಅಂತ ಅನ್ನಿಸುತ್ತಲೇ ಇರಲಿಲ್ಲ, ಅಷ್ಟು ನಯ. ಮೇಲಿನ ಸ್ವರಗಳಲ್ಲಿ ಅವರ ಜೊತೆ ಪೈಪೋಟಿಗೆ ಇಳಿಯುವುದರಲ್ಲಿ ಅರ್ಥವಿಲ್ಲ ಅಂತ ರಾಬರ್ಟ್ಸ್‌ಗೆ ಹೊಳೆಯಿತು. ಅದೇ ನಯವನ್ನು ಒಂದು ಸ್ಥಾಯಿ ಕೆಳಗೆ ತಂದರೆ ಹೇಗೆ? ಅವರ ಇಡೀ ಬದುಕು ಆ ಪ್ರಶ್ನೆಯಿಂದ ಹೊರಟಿದ್ದು.

1951ರಲ್ಲಿ ಅವರು ಸ್ಟ್ಯಾನ್ ಕೆಂಟನ್ ಬ್ಯಾಂಡ್ ಸೇರಿದರು. ಕೆಂಟನ್‌ಗೆ ಟ್ರಾಂಬೋನ್ ಅಂದರೆ ಪ್ರಾಣ. ಐದೈದು ಟ್ರಾಂಬೋನ್ ಇಟ್ಟುಕೊಂಡಿದ್ದ ಬ್ಯಾಂಡ್ ಅದು. ಆ ಕುರ್ಚಿಯಲ್ಲಿ 1940ರ ದಶಕದಲ್ಲಿ ಬಾರ್ಟ್ ವಾರ್ಸಲೋನ ಕೂತಿದ್ದರು. ಬಿಗ್ ಬ್ಯಾಂಡಿಗೆ ಬಾಸ್ ಟ್ರಾಂಬೋನ್ ಬೇಕೇ ಬೇಕು ಅನ್ನುವಂತೆ ಮಾಡಿದವರಲ್ಲಿ ಅವರು ಮೊದಲಿಗರು. ಅವರನ್ನೂ ಇಲ್ಲಿ ನೆನೆಯಲೇಬೇಕು.

1952ರಲ್ಲಿ ಕೆಂಟನ್ ಬ್ಯಾಂಡ್ ಬಿಲ್ ರೂಸೋ ಬರೆದ ಒಂದು ರಚನೆ ರೆಕಾರ್ಡ್ ಮಾಡಿತು. ಹೆಸರು ‘23 ಡಿಗ್ರೀಸ್ ನಾರ್ತ್, 82 ಡಿಗ್ರೀಸ್ ವೆಸ್ಟ್’. ನಕ್ಷೆಯಲ್ಲಿ ಹುಡುಕಿದರೆ ಅದು ಹವಾನಾ ಊರಿನ ಜಾಗ. ಒಂದು ಟ್ರಾಂಬೋನ್ ಕೆಳಗೆ ಸಣ್ಣ ಲಯ ಹಿಡಿಯುತ್ತದೆ. ಅದರ ಮೇಲೆ ಇನ್ನೊಂದು ಬಂದು ಕೂರುತ್ತದೆ. ಅದರ ಮೇಲೆ ಮತ್ತೊಂದು. ನೋಡನೋಡುತ್ತಾ ಕೋಣೆ ತುಂಬಿಹೋಗುತ್ತದೆ. ನಾಲ್ಕು ವರ್ಷ ಆದಮೇಲೆ ಅರೇಂಜರ್ ನೆಲ್ಸನ್ ರಿಡಲ್ ಅವರಿಗೆ ಸಿನಾಟ್ರಾ ಹಾಡಿಗೆ ಒಂದು ಉದ್ದನೆಯ ಏರಿಕೆ ಬೇಕಾಗಿತ್ತು. ಅವರು ರಾಬರ್ಟ್ಸ್‌ಗೆ ಫೋನ್ ಮಾಡಿದರು. ಕೆಂಟನ್ ಬ್ಯಾಂಡಿನ ಆ ಪಟ್ಟನ್ನೇ ಕದ್ದುಬಿಡಿ ಅಂತ ರಾಬರ್ಟ್ಸ್ ಹೇಳಿದರು. ಕದ್ದಿದ್ದು ಹೇಗೆ ಬಂತು ಅನ್ನುವುದಕ್ಕೆ ಆ ಹಾಡೇ ಸಾಕ್ಷಿ.

ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ ನೋಡಿ. ಕೆಂಟನ್ ಬ್ಯಾಂಡಿನದು ಬಿಸಿಲಿಗೆ ಕಾದ ತಾಮ್ರ. ರಿಡಲ್ ಅದನ್ನೇ ತಂತಿವಾದ್ಯಗಳ ಅಡಿಯಲ್ಲಿಟ್ಟು, ದನಿ ತಗ್ಗಿಸಿ, ಕಾಯಿಸಿ ಕಾಯಿಸಿ ಮೇಲೆತ್ತಿದ್ದಾರೆ. ರಿಡಲ್ ಕೂಡ ಟ್ರಾಂಬೋನ್ ನುಡಿಸಿಯೇ ಬೆಳೆದವರು, ಟಾಮಿ ಡಾರ್ಸಿ ಬ್ಯಾಂಡಿನಲ್ಲಿದ್ದವರು. ಬಾಸ್ ಟ್ರಾಂಬೋನ್‌ಗೆ ಏನು ಕೊಟ್ಟರೆ ಚೆನ್ನ ಅನ್ನುವುದು ಅವರಿಗೆ ಒಳಗಿನಿಂದ ಗೊತ್ತಿತ್ತು.

ಈಗ ವಾದ್ಯದ ವಿಷಯಕ್ಕೆ ಬರೋಣ. ಇಲ್ಲಿ ನನಗೆ ಹೇಳುವುದು ಜಾಸ್ತಿ ಇದೆ.

ರಾಬರ್ಟ್ಸ್ ಹೆಸರಿನ ಜೊತೆ ಹೆಚ್ಚಾಗಿ ಕೇಳಿಬರುವುದು ಕಾನ್ ಕಂಪನಿಯ 70ಎಚ್ ಮತ್ತು 72ಎಚ್. ಇಂಡಿಯಾನಾದ ಎಲ್ಕಾರ್ಟ್ ಊರಿನಲ್ಲಿ ತಯಾರಾಗುತ್ತಿದ್ದ ವಾದ್ಯಗಳು. ಬೆಲ್ ಅಂದರೆ ಬಾಯಿ ಒಂಬತ್ತೂವರೆ ಇಂಚು ಅಗಲ. ಟ್ರಿಗರ್ ಒಂದೇ. 70ಎಚ್‌ನಲ್ಲಿ ಒಂದು ವಿಶೇಷವಿದೆ. ಶ್ರುತಿ ಸರಿಮಾಡುವ ಭಾಗ ಸಾಮಾನ್ಯವಾಗಿ ಬೆಲ್ ಕಡೆ ಬಾಗಿನಲ್ಲಿರುತ್ತದೆ. 70ಎಚ್‌ನಲ್ಲಿ ಅದು ಕೈಯಲ್ಲಿ ಎಳೆಯುವ ಸ್ಲೈಡಿನ ಒಳಗೇ ಇದೆ. ಹಾಗಾಗಿ ಬೆಲ್ ಕಡೆಯ ಕೊಳವೆ ನಡುವೆ ಕಡಿಯದೆ ಸಲೀಸಾಗಿ ಅಗಲವಾಗುತ್ತಾ ಹೋಗುತ್ತದೆ. ದನಿ ದುಂಡಗೆ, ಬೆಚ್ಚಗೆ ಬರುವುದಕ್ಕೆ ಇದೇ ಕಾರಣ ಅಂತ ನುಡಿಸುವವರಲ್ಲಿ ಬಹಳ ಜನ ನಂಬುತ್ತಾರೆ. 72ಎಚ್‌ನಲ್ಲಿ ಅದನ್ನು ಮಾಮೂಲಿ ಜಾಗಕ್ಕೆ ತಂದರು. 1970ರ ಹೊತ್ತಿಗೆ ಕಾನ್ ಎಲ್ಕಾರ್ಟ್ ಬಿಟ್ಟು ಟೆಕ್ಸಾಸ್ ಕಡೆ ಹೋಯಿತು. ಇವತ್ತಿಗೂ ಹಳೆಯ ವಾದ್ಯ ಕೊಳ್ಳುವವರು ಮೊದಲು ಕೇಳುವುದು, ಇದು ಎಲ್ಕಾರ್ಟ್ ಕಾಲದ್ದಾ ಅಂತ.

ಮುಂದೆ ಕ್ಯಾಲಿಫೋರ್ನಿಯಾದ ಓಲ್ಡ್ಸ್ ಕಂಪನಿ ರಾಬರ್ಟ್ಸ್ ಹೆಸರಿನಲ್ಲೇ ಒಂದು ಬಾಸ್ ಟ್ರಾಂಬೋನ್ ತಂದಿತು. ಕೊನೆಯ ಕುರ್ಚಿಯವನ ಹೆಸರನ್ನು ವಾದ್ಯದ ಮೇಲೆ ಕೆತ್ತುವುದು ಅಂದರೆ ಸಣ್ಣ ಗೌರವವಲ್ಲ. 1979ರಲ್ಲಿ ಓಲ್ಡ್ಸ್ ಬಾಗಿಲು ಮುಚ್ಚಿತು.

ಒಂದು ಟ್ರಿಗರ್ ಅಂದೆನಲ್ಲ, ಅದರ ತಾಪತ್ರಯ ಹೇಳುತ್ತೇನೆ. ಟ್ರಾಂಬೋನ್ ಕೊಳವೆ ಬಿಡಿಸಿದರೆ ಸುಮಾರು 9 ಅಡಿ. ಸ್ಲೈಡಿಗೆ ಏಳು ಜಾಗ. ಒಂದೊಂದು ಜಾಗ ಮುಂದೆ ತಳ್ಳಿದರೆ ಅರ್ಧ ಸ್ವರ ಕೆಳಗಿಳಿಯುತ್ತದೆ. ಹೆಬ್ಬೆರಳಿನ ಟ್ರಿಗರ್ ಒತ್ತಿದರೆ ಇನ್ನೂ 3 ಅಡಿ ಕೊಳವೆ ಸೇರಿಕೊಂಡು ವಾದ್ಯ ‘ಎಫ್’ ಶ್ರುತಿಗೆ ಬರುತ್ತದೆ. ಆದರೆ ಕೊಳವೆ ಉದ್ದವಾದ ಹಾಗೆ ಜಾಗಗಳ ನಡುವಿನ ಅಂತರವೂ ಹೆಚ್ಚಬೇಕು. ಸ್ಲೈಡ್ ಮಾತ್ರ ಅಷ್ಟೇ ಉದ್ದ. ಹಾಗಾಗಿ ಟ್ರಿಗರ್ ಒತ್ತಿದಾಗ ಏಳರ ಬದಲು ಆರೇ ಜಾಗ ಸಿಗುತ್ತವೆ. ಕೆಳಗಿನ ‘ಸಿ’ವರೆಗೆ ಬರಬಹುದು. ಅದರ ಕೆಳಗಿನ ‘ಬಿ ಫ್ಲಾಟ್’ ಟ್ರಿಗರ್ ಇಲ್ಲದೆಯೇ ಸಿಗುತ್ತದೆ. ನಡುವಿನ ‘ಬಿ’ ಒಂದು ಸಿಗುವುದಿಲ್ಲ. ಅದು ಬೇಕಾದರೆ ಟ್ರಿಗರ್ ಕೊಳವೆಯನ್ನು ಮೊದಲೇ ಹೊರಗೆ ಎಳೆದು ಇಟ್ಟುಕೊಳ್ಳಬೇಕು. ಆಮೇಲೆ ಉಳಿದ ಸ್ವರಗಳ ಜಾಗವೆಲ್ಲ ಬದಲಾಗುತ್ತದೆ.

ಎರಡನೇ ಟ್ರಿಗರ್ ಬಂದಿದ್ದರ ಹಿಂದೆ ಮುಖ್ಯವಾಗಿ ಈ ಒಂದು ಸ್ವರದ ಕೊರತೆ ಇದೆ. 1960ರ ದಶಕದಿಂದ ಮುಂದೆ ಎರಡು ಟ್ರಿಗರ್‌ನ ಬಾಸ್ ಟ್ರಾಂಬೋನ್‌ಗಳು ಹಬ್ಬಿದವು. ಕಾನ್ 62ಎಚ್ ತಂದಿತು. ಕಿಂಗ್ ಕಂಪನಿಯ ಡುಯೋ ಗ್ರಾವಿಸ್ ಬಂತು. ಬಾಕ್ ಕಂಪನಿಯ 50 ಅಂತೂ ಇವತ್ತಿಗೂ ಎಲ್ಲ ಕಡೆ ಇದೆ. ಈಗಿನ ವೃತ್ತಿಪರರ ಕೈಯಲ್ಲಿ ಎರಡು ಟ್ರಿಗರ್‌ನದೇ ಇರುತ್ತದೆ. ಇರಲೇಬೇಕು, ಅರೇಂಜರ್‌ಗಳು ನುಡಿಸುವವರನ್ನು ಒಂದು ಮಾತೂ ಕೇಳದೆ ಆ ‘ಬಿ’ಯನ್ನು ಬರೆದುಬಿಡುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಬೇರೆ. ವಾದ್ಯ ದೊಡ್ಡದಾಗುತ್ತಾ, ಭಾರವಾಗುತ್ತಾ ಬಂದ ಹಾಗೆ ಬಾಸ್ ಟ್ರಾಂಬೋನ್ ಅಂದರೆ ಜೋರು ದನಿ ಅನ್ನುವ ಭಾವನೆಯೂ ಬೆಳೆಯಿತು. ತುಟಿಗಿಟ್ಟು ಊದುವ ಮೌತ್‌ಪೀಸ್ ಕೂಡ ಹಾಗೇ. ರಾಬರ್ಟ್ಸ್ ಪೀಳಿಗೆಯಲ್ಲಿ ಬಾಕ್ 1½ಜಿ ಅಂದರೆ ದೊಡ್ಡ ಮೌತ್‌ಪೀಸ್. ಈಗ ಎಷ್ಟೋ ಜನಕ್ಕೆ ಅದು ಚಿಕ್ಕದು. ಇಂಟರ್ನೆಟ್ಟಿನಲ್ಲಿ ಹುಡುಗರು ಹಾಕುವ ವೀಡಿಯೋ ನೋಡಿ. ಬಾಸ್ ಟ್ರಾಂಬೋನ್ ಅಂದ ತಕ್ಷಣ ಕಿಟಕಿ ಗಾಜು ಅದುರುವ ಹಾಗೆ ಊದುವುದು. ಕೇಳಲು ಮಜಾ ಇದೆ, ಒಪ್ಪುತ್ತೇನೆ. ಆದರೆ ಒಂದು ನಿಧಾನದ ಹಾಡನ್ನು ಉಸಿರು ಕಡಿಯದೆ, ತುದಿ ಒರಟಾಗದೆ ನುಡಿಸಿ ಅಂದರೆ ಅಲ್ಲಿ ಕಷ್ಟ ಶುರುವಾಗುತ್ತದೆ. ಆಗ ಇನ್ನೊಂದು ಮೌತ್‌ಪೀಸ್, ಇನ್ನೊಂದು ವಾಲ್ವ್, ಇನ್ನೊಂದು ಬೆಲ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಾಬರ್ಟ್ಸ್ ಮಾಡಿದ ‘ಮೀಟ್ ಮಿಸ್ಟರ್ ರಾಬರ್ಟ್ಸ್’ ಅನ್ನುವ ಆಲ್ಬಮ್ ಕೇಳಿ. ಬಾಸ್ ಟ್ರಾಂಬೋನ್ ಅಲ್ಲಿ ಗಾಯಕನ ಜಾಗದಲ್ಲಿ ನಿಂತು ಹಾಡುತ್ತದೆ. ಒಂದೊಂದು ಸ್ವರವನ್ನು ಅವರು ಶುರುಮಾಡುವ ರೀತಿ ಗಮನಿಸಿ. ನಾಲಿಗೆಯ ಏಟು ಕೇಳಿಸುವುದೇ ಇಲ್ಲ. ಎಲ್ಲಿಂದಲೋ ಇದ್ದ ದನಿ ಈಗ ನಮ್ಮ ಕಿವಿಗೆ ಬಿತ್ತು ಅನ್ನುವ ಹಾಗೆ ಬರುತ್ತದೆ.

ಹಾಗಂತ ಹಾಡುವುದು ಅಂದರೆ ಸೋಲೋ ಮಾತ್ರ ಅಂದುಕೊಳ್ಳಬೇಡಿ. ಬಾಸ್ ಟ್ರಾಂಬೋನ್ ವಾದಕ ಚಕ್ ಕಾನರ್ಸ್ ಅವರನ್ನೇ ನೋಡಿ. ಡ್ಯೂಕ್ ಎಲಿಂಗ್ಟನ್ ವೃಂದಕ್ಕೆ 1961ರಲ್ಲಿ ಸೇರಿದರು. 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಇದ್ದರು, ಆಮೇಲೂ ಇದ್ದರು. ಅಷ್ಟು ವರ್ಷದಲ್ಲಿ ಸೋಲೋ ಬೆರಳೆಣಿಕೆಯಷ್ಟು. ಪಕ್ಕದಲ್ಲಿ ಲಾರೆನ್ಸ್ ಬ್ರೌನ್, ಬಸ್ಟರ್ ಕೂಪರ್ ಅಂಥ ಟ್ರಾಂಬೋನ್ ವಾದಕರು. ಜನ ಅವರಿಗೇ ಚಪ್ಪಾಳೆ ಹೊಡೆಯುತ್ತಿದ್ದರು. ಆದರೆ 1960ರ ದಶಕದ ಎಲಿಂಗ್ಟನ್ ರೆಕಾರ್ಡಿಂಗ್‌ಗಳಲ್ಲಿ ಟ್ರಾಂಬೋನ್ ಮೂರೂ ಒಟ್ಟಿಗೆ ನುಡಿಯುವಾಗ ಕೆಳಗಿನ ಸ್ವರವನ್ನಷ್ಟೇ ಹಿಡಿದು ಹಿಂಬಾಲಿಸಿ. ಅದು ತನ್ನದೇ ಒಂದು ಹಾಡನ್ನು ಹಾಡಿಕೊಂಡು ಹೋಗುತ್ತಿರುತ್ತದೆ. ಕಛೇರಿಯಲ್ಲಿ ತಂಬೂರಿ ನಿಂತುಹೋದರೆ ಹೇಗೆ ಒಮ್ಮೆಲೇ ಬರಿದಾಗುತ್ತದೋ, ಕಾನರ್ಸ್ ಇಲ್ಲದಿದ್ದರೆ ಆ ವೃಂದವೂ ಹಾಗೇ ಆಗುತ್ತಿತ್ತು.

ಇನ್ನೊಂದು ವಿಷಯ. 1963ರಲ್ಲಿ ಅಮೆರಿಕ ಸರ್ಕಾರ ಎಲಿಂಗ್ಟನ್ ವೃಂದವನ್ನು ನಮ್ಮ ಕಡೆಗೆ ಕಳಿಸಿತ್ತು. ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್‌ನಲ್ಲೆಲ್ಲ ನುಡಿಸಿದರು. ಆ ವರ್ಷ ನವೆಂಬರಿನಲ್ಲಿ ಕೆನಡಿ ಹತ್ಯೆಯಾಗಿ ಪ್ರವಾಸ ಅರ್ಧಕ್ಕೇ ನಿಂತಿತು. ಅಂದರೆ ಕಾನರ್ಸ್ ಅವರ ಬಾಸ್ ಟ್ರಾಂಬೋನ್ ಮದ್ರಾಸಿನಲ್ಲೂ ಕೇಳಿತ್ತು. ನೆನೆಸಿಕೊಂಡರೇ ಖುಷಿಯಾಗುತ್ತದೆ.

ಕೌಂಟ್ ಬೇಸಿ ಬ್ಯಾಂಡಿನ ಬಿಲ್ ಹ್ಯೂಸ್ ಕಥೆ ನನಗೆ ಇನ್ನೂ ಇಷ್ಟ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಓದುತ್ತಿದ್ದವರು. 1953ರಲ್ಲಿ ಬೇಸಿ ಬ್ಯಾಂಡ್ ಸೇರಿದ್ದು ಸಾಮಾನ್ಯ ಟ್ರಾಂಬೋನ್ ಹಿಡಿದು. ನಾಲ್ಕು ವರ್ಷ ಆದಮೇಲೆ ಮನೆಯವರ ಜೊತೆ ಇರಬೇಕು ಅಂತ ಬಿಟ್ಟು ಹೋದರು. 1963ರಲ್ಲಿ ವಾಪಸ್ ಬಂದಾಗ ಬಾಸ್ ಟ್ರಾಂಬೋನ್ ಹಿಡಿದರು. ಆಮೇಲೆ ಆ ಕುರ್ಚಿ ಬಿಡಲಿಲ್ಲ. ಬೇಸಿ ಹೋದರು, ಅವರ ನಂತರ ಬಂದ ನಾಯಕರು ಹೋದರು. 2003ರಲ್ಲಿ ಬ್ಯಾಂಡ್ ನಡೆಸುವ ಹೊಣೆ ಹ್ಯೂಸ್ ಹೆಗಲಿಗೇ ಬಂತು. 2010ರವರೆಗೆ ನಡೆಸಿದರು. ಬೇಸಿ ಬ್ಯಾಂಡಿನ ಜೀವ ಇರುವುದು ಹದದಲ್ಲಿ. ಎಲ್ಲಿ ತಗ್ಗಬೇಕು, ಎಲ್ಲಿ ಒಂದೇ ಏಟಿಗೆ ಎದ್ದು ನಿಲ್ಲಬೇಕು ಅನ್ನುವ ಹದ. ಅದನ್ನು ಕೆಳಗಿನಿಂದ ಅಷ್ಟು ವರ್ಷ ಕೇಳಿಸಿಕೊಂಡವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಲು ಸಾಧ್ಯ?

ನ್ಯೂಯಾರ್ಕಿನ ಬಾಸ್ ಟ್ರಾಂಬೋನ್ ವಾದಕರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪೋಸ್ಟ್ ಆಗುತ್ತದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ಗಾಗಿ ಅರೇಂಜರ್ ಗಿಲ್ ಎವನ್ಸ್ ಮಾಡಿದ ‘ಪೋರ್ಗಿ ಆ್ಯಂಡ್ ಬೆಸ್’, ‘ಸ್ಕೆಚಸ್ ಆಫ್ ಸ್ಪೇನ್’ ಎರಡೂ ಆಲ್ಬಮ್‌ಗಳಲ್ಲಿ ಇರುವ ಡಿಕ್ ಹಿಕ್ಸನ್, ಎವನ್ಸ್ ಅವರ ಸ್ವಂತ ವೃಂದದ ಟೋನಿ ಸ್ಟಡ್, ಗೆರ್ರಿ ಮಲಿಗನ್ ಬ್ಯಾಂಡಿನ ಅಲನ್ ರಾಫ್. ಹೆಸರು ಬರೆದುಕೊಂಡು ಹುಡುಕಿ. ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 1966ರಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಶುರುಮಾಡಿದ ಸೋಮವಾರದ ಬ್ಯಾಂಡ್ ಇದೆಯಲ್ಲ, ಅದರ ಬಾಸ್ ಟ್ರಾಂಬೋನ್ ಕುರ್ಚಿಯಲ್ಲಿ ಡಗ್ಲಸ್ ಪರ್ವಯನ್ಸ್ ದಶಕಗಟ್ಟಲೆ ಕೂತಿದ್ದಾರೆ.

ಕೇಳುವುದಾದರೆ ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಟ್ರಿಗರ್ ಇಲ್ಲದೆ ಸಿಗುತ್ತದೆ ಅಂದೆನಲ್ಲ, ಆ ಕೆಳಗಿನ ‘ಬಿ ಫ್ಲಾಟ್’, ಅದು ಸುಮಾರು 58 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಕೊಡುವ ಶಕ್ತಿಯೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲನೇ ಸಲ ಸುಮ್ನೆ ಕೇಳಿ. ಎರಡನೇ ಸಲ ಹಾಡುಗಾರನನ್ನೂ ಟ್ರಂಪೆಟ್‌ಗಳನ್ನೂ ಬಿಟ್ಟು ಕೆಳಗಿನ ದನಿಯೊಂದನ್ನೇ ಹಿಡಿಯಿರಿ. ಬ್ಯಾರಿಟೋನ್ ಸ್ಯಾಕ್ಸಫೋನ್ ಜೊತೆ ಅದು ಬೆರೆತುಹೋಗಿರುತ್ತದೆ, ಬೇರ್ಪಡಿಸುವುದು ಶುರುವಿನಲ್ಲಿ ಕಷ್ಟ. ಒಂದು ಸಲ ಕಿವಿಗೆ ಸಿಕ್ಕಿತು ಅಂದರೆ ಮತ್ತೆ ಕಳೆದುಹೋಗುವುದಿಲ್ಲ.

ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲೋ, ಚರ್ಚ್ ಬ್ಯಾಂಡಿನಲ್ಲೋ, ಬ್ಯಾಂಡ್ ಸೆಟ್‌ನಲ್ಲೋ ಟ್ರಾಂಬೋನ್ ನುಡಿಸುವವರು ಇದನ್ನು ಓದುತ್ತಿದ್ದರೆ ಕಾಮೆಂಟಿನಲ್ಲಿ ಬರೆಯಿರಿ. ನಿಮ್ಮ ಹತ್ತಿರ ಇರುವುದು ಯಾವ ಕಂಪನಿಯ ವಾದ್ಯ, ಟ್ರಿಗರ್ ಇದೆಯಾ, ಇದ್ದರೆ ಒಂದಾ ಎರಡಾ? ಫೋಟೋ ಹಾಕಿದರೆ ಇನ್ನೂ ಸಂತೋಷ.