ನಾಮಕರಣದ ಊಟ, ತಿಥಿಯ ಎಲೆ

ನಮ್ಮ ಕಡೆ ಮಗು ಹುಟ್ಟಿದ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಸತ್ತವರಿಗೂ ಅದೇ ಲೆಕ್ಕದ ಆಸುಪಾಸಿನಲ್ಲಿ ಒಂದು ಕಾರ್ಯ ಇರುತ್ತದೆ. ಆದರೆ ಎರಡೂ ಊಟವನ್ನು ಒಂದೇ ಎಲೆಗೆ ಬಡಿಸಿದ್ದನ್ನು ನಾನು ಕಂಡಿರಲಿಲ್ಲ. ಜಪಾನಿನ ಕೋಬೆ ಊರಿನ ಒಂದು ಗಿಡಕ್ಕೆ ಆ ಭಾಗ್ಯ ಸಿಕ್ಕಿತು.

1992ರಲ್ಲಿ ಅದು ಕೋಬೆಯ ಕಾಡಿನಲ್ಲಿ ಮೊದಲ ಸಲ ಕಣ್ಣಿಗೆ ಬಿತ್ತು. ಆಮೇಲೆ ಆ ಜಾಗಕ್ಕೆ ಕೈಗಾರಿಕಾ ಪ್ರದೇಶ ಬಂತು. ಕಾಡು ಹೋಯಿತು, ಜೊತೆಗೆ ಗಿಡವೂ ಹೋಯಿತು. 2018ರಲ್ಲಿ ವಿಜ್ಞಾನಿಗಳು ಎತ್ತಿಟ್ಟಿದ್ದ ಹಳೇ ಮಾದರಿಯನ್ನು ನೋಡಿ ಘೋಷಿಸಿದರು: ಇದು ಹೊಸ ಪ್ರಭೇದ, ಹೆಸರು ಥಿಸ್ಮಿಯಾ ಕೋಬೆನ್ಸಿಸ್, ಬಹುಶಃ ಅಳಿದುಹೋಗಿದೆ. ಒಂದೇ ಪ್ರಬಂಧದಲ್ಲಿ ತೊಟ್ಟಿಲೂ ಚಟ್ಟವೂ. ತಪ್ಪು ಅವರದಲ್ಲ ಬಿಡಿ, ಪಾಪ. ಬುಲ್ಡೋಜರ್ ಬರುವಾಗ ಅವರನ್ನು ಕೇಳಿದವರು ಯಾರು?

ಈ ಥಿಸ್ಮಿಯಾ ವಂಶದ್ದು ವಿಚಿತ್ರ ಸಂಸಾರ. ಎಲೆ ಇಲ್ಲ, ಹಸಿರು ಇಲ್ಲ, ಬಿಸಿಲಿನ ಹಂಗೂ ಇಲ್ಲ. ಮರ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಬೇರಿಗೆ ಅಂಟಿಕೊಂಡ ಶಿಲೀಂಧ್ರ ಅದರಲ್ಲಿ ಪಾಲು ತಗೊಳ್ಳುತ್ತದೆ. ಥಿಸ್ಮಿಯಾ ಆ ಶಿಲೀಂಧ್ರದ ತಟ್ಟೆಗೇ ಕೈ ಹಾಕುತ್ತದೆ. ನಮ್ಮ ಮಾವಿನ ಮರದ ಬಂದಳಿಕೆಗೂ ನಾಚಿಕೆ ಅನ್ನೋದಿದೆ; ನೀರು ಕದ್ದರೂ ನಾಲ್ಕು ಹಸಿರೆಲೆ ಬಿಟ್ಟು ದುಡಿದಂತೆ ತೋರಿಸುತ್ತದೆ. ಇದಕ್ಕೆ ಅದೂ ಇಲ್ಲ. ವರ್ಷವಿಡೀ ನೆಲದೊಳಗೆ ಮಲಗಿದ್ದು, ಕೆಲವು ದಿನ ಮಾತ್ರ ತರಗೆಲೆ ಸರಿಸಿ ಪುಟ್ಟ ಲಾಂದ್ರದಂಥ ಹೂವನ್ನು ಹೊರಗಿಡುತ್ತದೆ. ಬೋರ್ನಿಯೋ, ಮಲೇಷ್ಯಾದಂಥ ಉಷ್ಣವಲಯದ ಮಳೆಕಾಡುಗಳೇ ಇದರ ತವರು. ಈಗ ನೂರಕ್ಕೂ ಜಾಸ್ತಿ ಪ್ರಭೇದ ಗೊತ್ತಾಗಿವೆ. ಎಷ್ಟೋ ಪ್ರಭೇದಗಳ ವಿಳಾಸ ಜಗತ್ತಿನಲ್ಲಿ ಒಂದೇ ಒಂದು ಗುಡ್ಡ.

ವಂಶದ ಹೆಸರಿನ ಕತೆಯೂ ಚೆನ್ನಾಗಿದೆ. 1840ರ ದಶಕದಲ್ಲಿ ಸಸ್ಯವಿಜ್ಞಾನಿ ವಿಲಿಯಂ ಗ್ರಿಫಿತ್ ಬರ್ಮಾದ ಗಿಡವೊಂದಕ್ಕೆ ಸ್ಮಿತ್ ಎಂಬವರ ಗೌರವಾರ್ಥ ಹೆಸರಿಡಲು ಹೊರಟ. ಸ್ಮಿತಿಯಾ ಅಂತ ಬೇರೆ ಗಿಡ ಆಗಲೇ ಇತ್ತು. ಸರಿ, ಸ್ಮಿತ್‌ನ ಇಂಗ್ಲಿಷ್ ಅಕ್ಷರಗಳನ್ನು ಡಬ್ಬಿಗೆ ಹಾಕಿ ಕುಲುಕಿದ. ಥಿಸ್ಮಿಯಾ ಬಿತ್ತು. ಕಾಡಿನ ಪಕ್ಕದ ಊರಿನವರು ಅದನ್ನು ಏನಂತ ಕರೆಯುತ್ತಿದ್ದರೋ, ಅದು ಲೆಕ್ಕಕ್ಕೆ ಬರುವುದಿಲ್ಲ. 2011 ಮುಗಿಯುವವರೆಗೆ ಹೊಸ ಗಿಡದ ವಿವರಣೆಯನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. 2012ರಿಂದ ಉದಾರ ಮನಸ್ಸು ಮಾಡಿ ಇಂಗ್ಲಿಷ್ ಕೂಡ ಆದೀತು ಅಂದಿದ್ದಾರೆ.

ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು. ಹೆಸರಿಗೆ ಆಧಾರವಾಗಿ ಒಂದು ಮಾದರಿ ಇರಬೇಕು, ಮತ್ತು ಆ ಮಾದರಿ ಜೀವಂತ ಇರುವಂತಿಲ್ಲ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಸಸ್ಯಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯಲ್ಲೇ ಇದೆ. ಕಿತ್ತು, ಒಣಗಿಸಿ ಹಾಳೆಗೆ ಅಂಟಿಸಬೇಕು, ಇಲ್ಲವೇ ಸ್ಪಿರಿಟ್ ಬಾಟಲಿಯಲ್ಲಿ ಮುಳುಗಿಸಬೇಕು. ಆಮೇಲೆ ಗುರುತಿನ ಚೀಟಿ. ಅದರ ಕಾರಣವೂ ಸರಿಯೇ, ನೂರು ವರ್ಷದ ನಂತರವೂ ಯಾರೋ ಹೋಲಿಸಿ ನೋಡಬೇಕಲ್ಲ. ಆದರೆ ಇಡೀ ಜಗತ್ತಿನಲ್ಲಿ ನಿಮ್ಮ ಬಳಗದವರು ನಾಲ್ಕಾರು ಮಂದಿ ಇದ್ದಾಗ ಆಧಾರ್ ಕಾರ್ಡಿಗೆ ಒಬ್ಬರು ಸಾಯಬೇಕು ಅಂದರೆ ಸ್ವಲ್ಪ ದುಬಾರಿಯೇ ಅಲ್ವಾ?

ಮಲೇಷ್ಯಾದ ತೆರೆಂಗಾನು ಕಾಡಿನ ಥಿಸ್ಮಿಯಾ ಸಿತಿಮೇರಿಯಾಮಿಯೆಯದು ಇಂಥದೇ ಪಾಡು. 2021ರಲ್ಲಿ ಹೆಸರು ಬಂತು. ಅದನ್ನು ಮೊದಲು ಕಂಡ ಡೋಮ್ ನಿಕೋಂಗ್ ಅವರ ತಾಯಿಯ ಹೆಸರು. ಅಮ್ಮನ ಹೆಸರಿಗೆ ಮಗ ಇದಕ್ಕಿಂತ ಹೆಚ್ಚೇನು ಮಾಡಬಹುದು! ಆದರೆ ಸಿಕ್ಕ ಗಿಡಗಳು ಬೆರಳೆಣಿಕೆಯಷ್ಟೇ, ಅವೂ ಚಾರಣದ ದಾರಿಯ ಹತ್ತಿರ. ಒಂದು ಸೆಲ್ಫಿಗೆ ಎರಡು ಹೆಜ್ಜೆ ಹಿಂದೆ ಸರಿದರೆ ವಂಶ ನಿರ್ವಂಶ.

ಬೋರ್ನಿಯೋ ದ್ವೀಪದ ಸರವಾಕ್‌ನ ಥಿಸ್ಮಿಯಾ ನೆಪ್ಚೂನಿಸ್ ಮಾತ್ರ ಜಾಣ ಗಿಡ. 1866ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಬೆಕ್ಕಾರಿಯ ಕಣ್ಣಿಗೆ ಬಿತ್ತು. 1878ರಲ್ಲಿ ಹೆಸರು ಸಿಕ್ಕಿತು. ಆಮೇಲೆ ನಾಪತ್ತೆ. 2017ರಲ್ಲಿ ಝೆಕ್ ವಿಜ್ಞಾನಿಗಳ ಎದುರು ಮತ್ತೆ ತಲೆಯೆತ್ತಿತು. ನೂರೈವತ್ತೊಂದು ವರ್ಷ ಯಾವ ಕಚೇರಿಗೂ ಹಾಜರಾಗದೆ ಬದುಕಿದ ಪ್ರಜೆ!

ಇನ್ನು ಸಮೀಕ್ಷೆಯವರನ್ನು ನೆನೆಯಿರಿ. ಯೋಜನೆಗೆ ಒಪ್ಪಿಗೆ ಬೇಕು, ಕಾಡಲ್ಲಿ ಏನೇನಿದೆ ಪಟ್ಟಿ ಮಾಡಬೇಕು. ಒಣ ಬೇಸಿಗೆಯಲ್ಲಿ ಜೀಪ್ ಬರುತ್ತದೆ. ಗಿಡ ನೆಲದೊಳಗೆ ನಿದ್ದೆಯಲ್ಲಿದೆ. ಅಕಸ್ಮಾತ್ ಎದ್ದಿದ್ದರೂ ಮಾತುಕತೆ ಹೀಗೇ ಆದೀತು.

‘ಹೆಸರು?’
‘ಇನ್ನೂ ಇಟ್ಟಿಲ್ಲ ಸಾರ್.’
‘ಎಲೆ?’
‘ಇಲ್ಲ.’
‘ಉದ್ಯೋಗ?’
‘ಊಟ.’
‘ಹೆಸರಿಲ್ಲದವರು ಪಟ್ಟಿಯಲ್ಲಿ ಬರಲ್ಲ. ಪಟ್ಟಿಯಲ್ಲಿ ಇಲ್ಲದವರು ಇಲ್ಲಿ ಇಲ್ಲ. ಸ್ವಲ್ಪ ಪಕ್ಕಕ್ಕೆ ಸರೀರಿ, ರಸ್ತೆಗೆ ಗುರುತು ಹಾಕಬೇಕು.’

ಹೆಸರು ಸಿಕ್ಕವರ ಮರ್ಯಾದೆಯೂ ಅಷ್ಟಕ್ಕಷ್ಟೇ. ಮಡಗಾಸ್ಕರಿನ ಕಾಡಲ್ಲಿ ಎಲೆಯಿಲ್ಲದ ಇನ್ನೊಂದು ಪುಟ್ಟ ಗಿಡ, ಗ್ಯಾಸ್ಟ್ರೋಡಿಯಾ ಆಗ್ನಿಸೆಲಸ್. ಹೆಸರಿನ ಅರ್ಥ ಕುರಿಮರಿ. 2020ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ಇದನ್ನು ಜಗತ್ತಿಗೆ ಪರಿಚಯಿಸಿದ್ದು ‘ಜಗತ್ತಿನ ಅತಿ ಕುರೂಪಿ ಆರ್ಕಿಡ್’ ಅಂತ. ತೊಟ್ಟಿಲು ಶಾಸ್ತ್ರಕ್ಕೆ ಬಂದು, ಮಗು ಹೆಂಗಿದೆ ನೋಡು ಅಂತ ಮೂತಿ ತಿರುಗಿಸುವ ಅತ್ತೆಯಂದಿರು ನಮ್ಮಲ್ಲಿ ಮಾತ್ರ ಇದ್ದಾರೆ ಅಂದುಕೊಂಡಿದ್ದೆ. ಬೈದಿದ್ದಕ್ಕೇ ಪಾಪ ಅದರ ಫೋಟೊ ಪತ್ರಿಕೆಗಳಲ್ಲಿ ಬಂತು.

ಕೋಬೆಯ ಸತ್ತ ಗಿಡದ ಮುಂದಿನ ಕತೆ ಹೇಳುವುದು ಮರೆತೆ. 2021ರಲ್ಲಿ, ಮೂವತ್ತು ಕಿಲೋಮೀಟರ್ ಆಚೆ ಸಾಂಡಾ ಎಂಬಲ್ಲಿ, ಅದು ಹೂ ಬಿಟ್ಟು ನಿಂತಿತ್ತು. ತನ್ನ ತಿಥಿ ಆಗಿದ್ದು ಅದಕ್ಕೆ ಯಾರೂ ತಿಳಿಸಿರಲಿಲ್ಲ ಅಂತ ಕಾಣುತ್ತದೆ. ದಾಖಲೆಯಲ್ಲಿ ಸತ್ತ ಅಜ್ಜ ಪಿಂಚಣಿಗಾಗಿ ತಾಲೂಕು ಕಚೇರಿಗೆ ನಡೆದುಕೊಂಡು ಬರುವುದಿಲ್ಲವೇ, ಹಾಗೆ. 2023ರಲ್ಲಿ ಇನ್ನೊಂದು ಪ್ರಬಂಧ ಬಂದು ಜೀವಿತ ಪ್ರಮಾಣಪತ್ರವೂ ಸಿಕ್ಕಿತು. ನಮ್ಮ ಅಜ್ಜನಾದರೆ ಅದನ್ನು ಪ್ರತಿ ನವೆಂಬರಿನಲ್ಲಿ ಹೊಸದಾಗಿ ಕೊಡಬೇಕು.